ಜರೀಗಿಡಗಳು ನಾವಂದುಕೊಂಡಷ್ಟು ಹಳೆಯವಲ್ಲ

ಹೂವಿಲ್ಲ, ಹಣ್ಣಿಲ್ಲ, ಬೀಜವಿಲ್ಲ. ಜರೀಗಿಡ ನೋಡಿದ ಯಾರಿಗಾದರೂ ಇದು ಡೈನೋಸಾರ್ ಕಾಲದ್ದು ಅನ್ನಿಸುತ್ತದೆ. ಶಾಲೆಯ ಪಾಠ ಕೂಡ ಹೆಚ್ಚುಕಮ್ಮಿ ಅದನ್ನೇ ಹೇಳಿಕೊಡುತ್ತದೆ. ಮೊದಲು ಪಾಚಿ, ಆಮೇಲೆ ಹಾವಸೆ, ಆಮೇಲೆ ಜರೀಗಿಡ, ಆಮೇಲೆ ಪೈನ್ ಥರದ ಮರಗಳು, ಕೊನೆಗೆ ಹೂಗಿಡ. ಈ ಸಾಲನ್ನು ಓದಿದವರಿಗೆ ಮನಸ್ಸಿನಲ್ಲಿ ಉಳಿಯುವ ಚಿತ್ರ ಒಂದೇ: ಹೂಗಿಡಗಳು ಗುರಿ ಮುಟ್ಟಿದವು, ಮಿಕ್ಕವು ದಾರಿಯಲ್ಲಿ ನಿಂತುಹೋದವು.

ಆ ಚಿತ್ರ ಸರಿಯಿಲ್ಲ. ಇವತ್ತು ನಾವು ನೋಡುವ ಜರೀಗಿಡಗಳಲ್ಲಿ ಬಹುಪಾಲು ಜಾತಿಗಳ ವಂಶ ಕವಲೊಡೆದು ಹರಡಿದ್ದು ಹೂಗಿಡಗಳು ಬಂದ ಮೇಲೆ. ಅಷ್ಟೇ ಅಲ್ಲ, ಜರೀಗಿಡದ ಜೊತೆಗೇ ಒಂದೇ ಪಾಠದಲ್ಲಿ ಓದುವ ಲೈಕೊಪೋಡಿಯಂ, ಸೆಲಜಿನೆಲ್ಲ ಎಂಬ ಹೂವಿಲ್ಲದ ಪುಟ್ಟ ಗಿಡಗಳು ಅದಕ್ಕೆ ಬಹಳ ದೂರದ ನೆಂಟರು. ಜರೀಗಿಡಕ್ಕೆ ಅವುಗಳಿಗಿಂತ ಗುಲಾಬಿಯೇ ಹತ್ತಿರ. ಇದು ಹೇಗೆ ಗೊತ್ತಾಯಿತು ಎಂದು ತಿಳಿಯಲು ನೆಲದ ಗಿಡಗಳ ಕಥೆಯನ್ನು ಮೊದಲಿನಿಂದ ನೋಡಬೇಕು.

ನೀರಿನಿಂದ ಹೊರಗೆ

ನೆಲದ ಮೇಲಿನ ಗಿಡಗಳೆಲ್ಲ ಒಂದೇ ಮೂಲದಿಂದ ಬಂದವು. ಹಾವಸೆಯಿಂದ ಆಲದ ಮರದವರೆಗೆ ಯಾವುದನ್ನು ತೆಗೆದುಕೊಂಡರೂ ಅದರ ಪೂರ್ವಜ ಸಿಹಿನೀರಿನ ಹಸಿರು ಪಾಚಿಯ ಒಂದು ಗುಂಪು. ಆ ಗುಂಪಿನಲ್ಲಿ ಇವತ್ತು ಬದುಕಿರುವವುಗಳ ಪೈಕಿ ನೆಲದ ಗಿಡಗಳಿಗೆ ತೀರಾ ಹತ್ತಿರದ್ದು ಸ್ಪೈರೋಗೈರಾ ಇರುವ ಕುಟುಂಬ. ಹೌದು, ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತೋರಿಸುವ ಅದೇ ಹಸಿರು ಎಳೆ.

ನೀರಿನಲ್ಲಿರುವಾಗ ಒಣಗುವ ಭಯವಿಲ್ಲ, ನೆಟ್ಟಗೆ ನಿಲ್ಲುವ ಕಷ್ಟವಿಲ್ಲ. ನೆಲಕ್ಕೆ ಬಂದರೆ ಎರಡೂ ಎದುರಾಗುತ್ತವೆ. ಜೊತೆಗೆ ಬಿಸಿಲಿನ ಅತಿನೇರಳೆ ಕಿರಣ. ಗಿಡಗಳು ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಮೂರು ಮುಖ್ಯ. ಮೈಮೇಲೆ ಮೇಣದಂಥ ಪದರ ಬಂತು. ಬೀಜಕಗಳಿಗೆ, ಅಂದರೆ ಸ್ಪೋರ್‌ಗಳಿಗೆ, ಸುಲಭಕ್ಕೆ ಹಾಳಾಗದ ಗಟ್ಟಿ ಗೋಡೆ ಬಂತು. ಮೂರನೆಯದು ತಾಯಿಗಿಡ ತನ್ನ ಭ್ರೂಣವನ್ನು ಹೊರಗೆ ಬಿಡದೆ ಮೈಯೊಳಗೇ ಇಟ್ಟುಕೊಂಡು ಪೋಷಿಸತೊಡಗಿದ್ದು. ಈ ಮೂರನೆಯದು ಎಲ್ಲ ನೆಲದ ಗಿಡಗಳಲ್ಲೂ ಇದೆ, ಪಾಚಿಯಲ್ಲಿ ಇಲ್ಲ.

ಆ ಗಟ್ಟಿ ಗೋಡೆಯಿಂದ ನಮಗೂ ಒಂದು ಉಪಕಾರವಾಗಿದೆ. ಗಿಡಗಳ ಮೆತ್ತನೆಯ ಮೈ ಕೊಳೆತುಹೋದರೂ ಬೀಜಕ ಕಲ್ಲಿನೊಳಗೆ ಉಳಿಯುತ್ತದೆ. ಅರ್ಜೆಂಟೀನಾದಲ್ಲಿ ಸಿಕ್ಕ ಇಂಥ ಬೀಜಕಗಳು ಸುಮಾರು 47 ಕೋಟಿ ವರ್ಷ ಹಳೆಯವು. ಅವನ್ನು ಉದುರಿಸಿದ ಗಿಡ ಹೇಗಿತ್ತೆಂದು ತೋರಿಸುವ ಪಳೆಯುಳಿಕೆ ಸಿಕ್ಕಿಲ್ಲ. ಗಿಡದ ಆಕಾರವೇ ಕಾಣುವುದು ಇನ್ನೂ 4 ಕೋಟಿ ವರ್ಷ ಕಳೆದ ಮೇಲೆ, ಕುಕ್ಸೋನಿಯಾ ಎಂಬ ಪುಟ್ಟ ಸಸ್ಯದಲ್ಲಿ. ಕೆಲವೇ ಸೆಂಟಿಮೀಟರ್ ಎತ್ತರ. ಬೇರಿಲ್ಲ, ಎಲೆಯಿಲ್ಲ. ಕವಲೊಡೆದ ಕಡ್ಡಿ, ತುದಿಯಲ್ಲಿ ಬೀಜಕದ ಚೀಲ, ಅಷ್ಟೇ.

ಕಲ್ಲಾದ ಜೌಗು

ಆ ಕಾಲದ ಗಿಡಗಳ ಬಗ್ಗೆ ನಮಗೆ ಇಷ್ಟು ವಿವರವಾಗಿ ಗೊತ್ತಿರುವುದಕ್ಕೆ ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿ ಕಾರಣ. 40.7 ಕೋಟಿ ವರ್ಷದ ಹಿಂದೆ ಅಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಅವುಗಳ ನೀರಿನಲ್ಲಿ ಸಿಲಿಕಾ ತುಂಬಿತ್ತು. ನೀರು ಉಕ್ಕಿ ಅಕ್ಕಪಕ್ಕದ ಗಿಡಗಳನ್ನು ಮುಳುಗಿಸಿದಾಗ ಸಿಲಿಕಾ ಜೀವಕೋಶಗಳ ಒಳಗೆಲ್ಲ ಸೇರಿ ಗಟ್ಟಿಯಾಯಿತು. ಗಿಡಗಳು ನಿಂತಲ್ಲೇ ಕಲ್ಲಾದವು. ವಿಲಿಯಂ ಮ್ಯಾಕಿ ಎಂಬ ವೈದ್ಯರ ಕಣ್ಣಿಗೆ ಈ ಕಲ್ಲು ಬಿದ್ದದ್ದು 1912ರ ಹೊತ್ತಿಗೆ. ರಾಬರ್ಟ್ ಕಿಡ್‌ಸ್ಟನ್ ಮತ್ತು ವಿಲಿಯಂ ಲ್ಯಾಂಗ್ 1917ರಿಂದ 1921ರವರೆಗೆ ಅದರೊಳಗಿನ ಗಿಡಗಳನ್ನು ಒಂದೊಂದಾಗಿ ವಿವರಿಸಿ ಪ್ರಕಟಿಸಿದರು.

ಆ ಕಲ್ಲನ್ನು ತೆಳ್ಳಗೆ ಸೀಳಿ ಬೆಳಕಿಗೆ ಹಿಡಿದರೆ ಜೀವಕೋಶದ ಗೋಡೆ ಕಾಣುತ್ತದೆ. ನೀರು ಸಾಗಿಸುವ ನಾಳ ಕಾಣುತ್ತದೆ. ಉಸಿರಾಡುವ ಪತ್ರರಂಧ್ರ ಕಾಣುತ್ತದೆ. ನನಗೆ ಇವೆಲ್ಲಕ್ಕಿಂತ ದೊಡ್ಡದು ಅನ್ನಿಸುವುದು 1994ರಲ್ಲಿ ಪ್ರಕಟವಾದ ಇನ್ನೊಂದು ಸಂಗತಿ. ಅಗ್ಲಾವೋಫೈಟಾನ್ ಎಂಬ ಗಿಡದ ಜೀವಕೋಶಗಳ ಒಳಗೆ ಶಿಲೀಂಧ್ರ ಇತ್ತು, ಅದೂ ಪೊದೆಯಂತೆ ಕವಲೊಡೆದ ರೂಪದಲ್ಲಿ. ಇವತ್ತಿಗೂ ಹೊಲಕಾಡುಗಳಲ್ಲಿ ಬಹುಪಾಲು ಗಿಡಗಳ ಬೇರಿನಲ್ಲಿ ಇಂಥದ್ದೇ ಶಿಲೀಂಧ್ರ ಇರುತ್ತದೆ. ಅದು ಮಣ್ಣಿನಿಂದ ರಂಜಕ ತಂದುಕೊಡುತ್ತದೆ, ಗಿಡದಿಂದ ಸಕ್ಕರೆ ಪಡೆಯುತ್ತದೆ. ಅಗ್ಲಾವೋಫೈಟಾನ್‌ಗೆ ಆಗಿನ್ನೂ ಬೇರೇ ಇರಲಿಲ್ಲ. ಬೇರು ಬರುವ ಮುಂಚೆಯೇ ಈ ಕೊಡುಕೊಳ್ಳುವಿಕೆ ಶುರುವಾಗಿತ್ತು! ಗಿಡಗಳು ಒಂಟಿಯಾಗಿ ನೆಲ ಗೆದ್ದವು ಎಂದು ಹೇಳುವಂತಿಲ್ಲ.

ಎರಡು ಬದುಕು

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಲೇಬೇಕು. ಇದು ಅರ್ಥವಾಗದಿದ್ದರೆ ಜರೀಗಿಡ ಅರ್ಥವಾಗುವುದಿಲ್ಲ.

ನೆಲದ ಮೇಲಿನ ಪ್ರತಿ ಗಿಡಕ್ಕೂ ಎರಡು ಪೀಳಿಗೆಗಳ ಬದುಕಿದೆ. ಒಂದು ಪೀಳಿಗೆ ಬೀಜಕಗಳನ್ನು ಉದುರಿಸುತ್ತದೆ. ಬೀಜಕ ಮೊಳೆತರೆ ಬರುವುದು ಅದೇ ಗಿಡವಲ್ಲ, ಇನ್ನೊಂದು ಪೀಳಿಗೆ. ಅದರ ಜೀವಕೋಶಗಳಲ್ಲಿ ವರ್ಣತಂತುಗಳ ಸಂಖ್ಯೆ ಅರ್ಧ. ಅದು ಅಂಡ ಮತ್ತು ವೀರ್ಯಾಣುಗಳನ್ನು ತಯಾರಿಸುತ್ತದೆ. ಅವೆರಡು ಸೇರಿದರೆ ಮತ್ತೆ ಬೀಜಕ ಉದುರಿಸುವ ಗಿಡ ಹುಟ್ಟುತ್ತದೆ.

ಹಾವಸೆಯಲ್ಲಿ ನಾವು ನೋಡುವ ಹಸಿರು ಹಾಸು ಈ ಅರ್ಧ ಸಂಖ್ಯೆಯ ಪೀಳಿಗೆ. ಬೀಜಕದ ಪೀಳಿಗೆ ಅದರ ಮೇಲೆ ಸಣ್ಣ ಕಡ್ಡಿಯಾಗಿ ಎದ್ದು, ಕೊನೆತನಕ ಅದನ್ನೇ ಅವಲಂಬಿಸಿ ಬದುಕುತ್ತದೆ. ಹೂಗಿಡದಲ್ಲಿ ಇದು ತಿರುಗುಮುರುಗು. ಕಾಣುವ ಗಿಡವೆಲ್ಲ ಬೀಜಕದ ಪೀಳಿಗೆ. ಇನ್ನೊಂದು ಪೀಳಿಗೆ ಕೆಲವೇ ಜೀವಕೋಶಗಳಷ್ಟು ಕುಗ್ಗಿ ಪರಾಗದ ಒಳಗೆ, ಹೂವಿನ ಅಂಡಕದ ಒಳಗೆ ಅಡಗಿದೆ. ಜರೀಗಿಡದಲ್ಲಾದರೆ ಎರಡೂ ಬೇರೆ ಬೇರೆ, ಎರಡೂ ಸ್ವತಂತ್ರ. ದೊಡ್ಡ ಎಲೆಯ ಗಿಡ ಒಂದು. ಒದ್ದೆ ಮಣ್ಣಿಗೆ ಅಂಟಿಕೊಂಡು ಬೆಳೆಯುವ, ಉಗುರಿಗಿಂತ ಚಿಕ್ಕದಾದ, ಹೃದಯದಾಕಾರದ ಹಸಿರು ಬಿಲ್ಲೆ ಇನ್ನೊಂದು. ಆ ಬಿಲ್ಲೆಯ ಅಡಿಯಲ್ಲಿ ತೆಳ್ಳಗೆ ನೀರಿದ್ದರೆ ವೀರ್ಯಾಣು ಈಜಿಕೊಂಡು ಅಂಡವನ್ನು ತಲುಪುತ್ತದೆ. ನೀರಿಲ್ಲದಿದ್ದರೆ ಕೆಲಸ ಆಗುವುದಿಲ್ಲ.

ಇದು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಬೀಜವೇ ಕಾಣದ ಗಿಡ ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಯುರೋಪಿನಲ್ಲಿ ಒಂದು ನಂಬಿಕೆಯೇ ಬೆಳೆದಿತ್ತು. ಜರೀಗಿಡದ ಬೀಜ ಕಣ್ಣಿಗೆ ಕಾಣಿಸದು, ಅದು ಸಿಕ್ಕವರೂ ಕಣ್ಣಿಗೆ ಕಾಣದಂತಾಗುತ್ತಾರೆ ಎಂದು. 1848ರಲ್ಲಿ ಸುಮಿನ್‌ಸ್ಕಿ ಆ ಪುಟ್ಟ ಬಿಲ್ಲೆಯಲ್ಲಿ ನಡೆಯುವ ಮಿಲನವನ್ನು ವಿವರಿಸಿದರು. 1851ರಲ್ಲಿ ವಿಲ್ಹೆಲ್ಮ್ ಹಾಫ್‌ಮೈಸ್ಟರ್ ಹಾವಸೆ, ಜರೀಗಿಡ, ಬೀಜದ ಗಿಡ ಎಲ್ಲದರಲ್ಲೂ ಇದೇ ಎರಡು ಪೀಳಿಗೆಗಳ ಆಟ ಇದೆ ಎಂದು ತೋರಿಸಿಕೊಟ್ಟರು. ಡಾರ್ವಿನ್ ತಮ್ಮ ವಿಕಾಸವಾದ ಪ್ರಕಟಿಸುವುದಕ್ಕೆ ಇನ್ನೂ 8 ವರ್ಷ ಬಾಕಿ ಇತ್ತು. ನೆಲದ ಗಿಡಗಳೆಲ್ಲ ಒಂದೇ ಬಳ್ಳಿಯವು ಅನ್ನುವುದಕ್ಕೆ ಇಷ್ಟು ಗಟ್ಟಿ ಸುಳಿವು ಅದಕ್ಕೂ ಮುಂಚೆಯೇ ಸಿಕ್ಕಿತ್ತು.

ಬೀಜಕವನ್ನು ಹೊರಗೆ ಎಸೆಯುವ ಬಗೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜರೀಗಿಡದ ಎಲೆಯ ಹಿಂಬದಿ ಸಾಲಾಗಿ ಕಂದು ಚುಕ್ಕೆಗಳಿರುತ್ತವೆ. ಕೆಲವರು ಅದನ್ನು ರೋಗ ಅಂದುಕೊಳ್ಳುತ್ತಾರೆ, ಇನ್ನು ಕೆಲವರು ಹುಳದ ಮೊಟ್ಟೆ ಅಂದುಕೊಳ್ಳುತ್ತಾರೆ. ಒಂದೊಂದು ಚುಕ್ಕೆಯೂ ಬೀಜಕದ ಚೀಲಗಳ ಗೊಂಚಲು. ಚೀಲದ ಬೆನ್ನ ಮೇಲೆ ದಪ್ಪ ಗೋಡೆಯ ಜೀವಕೋಶಗಳ ಒಂದು ಪಟ್ಟಿ ಇದೆ. ಗಾಳಿ ಒಣಗಿದಾಗ ಆ ಜೀವಕೋಶಗಳಿಂದ ನೀರು ಆರುತ್ತದೆ. ಪಟ್ಟಿ ಹಿಂದಕ್ಕೆ ಬಾಗುತ್ತದೆ, ಚೀಲ ಬಾಯಿ ಬಿಡುತ್ತದೆ. ಒಳಗಿನ ನೀರು ಎಳೆತ ತಡೆಯಲಾರದ ಹಂತಕ್ಕೆ ಬಂದಾಗ ಫಕ್ಕನೆ ಅದರೊಳಗೆ ಗುಳ್ಳೆ ಹುಟ್ಟುತ್ತದೆ. ಪಟ್ಟಿ ಕವಣೆಯ ಹಾಗೆ ಮುಂದಕ್ಕೆ ಚಿಮ್ಮಿ ಬೀಜಕಗಳನ್ನು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಎಸೆಯುತ್ತದೆ. ಇದಕ್ಕೆ ಸ್ನಾಯು ಬೇಡ, ನರ ಬೇಡ, ಆ ಕ್ಷಣದಲ್ಲಿ ಗಿಡ ಖರ್ಚು ಮಾಡಬೇಕಾದ ಶಕ್ತಿಯೂ ಇಲ್ಲ. ಬರೀ ನೀರು ಆರುವುದರಿಂದ ಇಷ್ಟೆಲ್ಲ ನಡೆಯುತ್ತದೆ.

ಲೈಕೊಫೈಟ್‌ಗಳ ದಾರಿಯೇ ಬೇರೆ

ನಾಳಗಳಿರುವ ಗಿಡಗಳು 40 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಎರಡು ಕವಲಾದವು. ಒಂದು ಕವಲಿನಲ್ಲಿ ಲೈಕೊಫೈಟ್‌ಗಳು, ಅಂದರೆ ಲೈಕೊಪೋಡಿಯಂ, ಸೆಲಜಿನೆಲ್ಲ ಇರುವ ಗುಂಪು. ಇನ್ನೊಂದರಲ್ಲಿ ಜರೀಗಿಡಗಳು ಮತ್ತು ಬೀಜದ ಗಿಡಗಳು, ಎರಡೂ. ಎಲೆ ನೋಡಿದರೆ ಸುಳಿವು ಸಿಗುತ್ತದೆ. ಲೈಕೊಫೈಟ್ ಎಲೆಗಳು ಸಾಮಾನ್ಯವಾಗಿ ಚಿಕ್ಕವು, ನಡುವೆ ಕವಲೊಡೆಯದ ಒಂದೇ ನರ. ಇನ್ನೊಂದು ಕವಲಿನ ಎಲೆಗಳಲ್ಲಿ ನರಗಳು ಕವಲೊಡೆಯುತ್ತವೆ. ಎಲೆ ಅನ್ನುವ ಅಂಗ ಒಮ್ಮೆ ಹುಟ್ಟಿ ಎಲ್ಲರಿಗೂ ಹಂಚಿಕೆಯಾದದ್ದಲ್ಲ, ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿತು. ಬೇರಿನ ಕಥೆಯೂ ಹೀಗೇ.

ಗಟ್ಟಿ ಸಾಕ್ಷಿ ಬಂದದ್ದು ಡಿಎನ್‌ಎಯಿಂದ. ಗಿಡದ ಹಸಿರು ಕಣಗಳಿಗೆ, ಅಂದರೆ ಕ್ಲೋರೋಪ್ಲಾಸ್ಟ್‌ಗಳಿಗೆ, ತಮ್ಮದೇ ಡಿಎನ್‌ಎ ಇದೆ. ಅದರಲ್ಲಿ ಸುಮಾರು 30,000 ಅಕ್ಷರಗಳಷ್ಟು ಉದ್ದದ ಒಂದು ತುಂಡು ಜರೀಗಿಡ, ಪೈನ್, ಗುಲಾಬಿ ಎಲ್ಲದರಲ್ಲೂ ತಿರುವುಮುರುವಾಗಿ ಕೂತಿದೆ. ಹಾವಸೆಯಲ್ಲಿ ಅದು ಹಳೆಯ ದಿಕ್ಕಿನಲ್ಲೇ ಇದೆ. 1992ರಲ್ಲಿ ಲಿಂಡಾ ರಾಬಿಸನ್ ಮತ್ತು ರಾಬರ್ಟ್ ಜಾನ್ಸೆನ್ ಲೈಕೊಫೈಟ್‌ಗಳನ್ನು ಪರೀಕ್ಷಿಸಿದಾಗ ಅವುಗಳಲ್ಲೂ ಹಳೆಯ ದಿಕ್ಕೇ ಕಂಡಿತು. ಇಷ್ಟು ದೊಡ್ಡ ತುಂಡು ಅದೇ ಜಾಗದಲ್ಲಿ ಎರಡು ಸಲ ತಿರುಗುವುದು ನಂಬಲು ಕಷ್ಟ. ಅಂದರೆ ಲೈಕೊಫೈಟ್‌ಗಳು ಬೇರೆಯಾದ ಮೇಲೆ, ಜರೀಗಿಡ ಮತ್ತು ಗುಲಾಬಿಗಳ ಸಮಾನ ಪೂರ್ವಜನಲ್ಲಿ ಆ ತಿರುವು ಆಗಿದೆ. ನೆಂಟಸ್ತಿಕೆಗೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಾ?

ಒಂದು ಕಾಲಕ್ಕೆ ಲೈಕೊಫೈಟ್‌ಗಳದ್ದೇ ಕಾಡು. ಸುಮಾರು 36 ಕೋಟಿಯಿಂದ 30 ಕೋಟಿ ವರ್ಷದ ಹಿಂದಿನ ಕಾರ್ಬೊನಿಫೆರಸ್ ಯುಗದಲ್ಲಿ ಭೂಮಧ್ಯರೇಖೆಯ ಸುತ್ತ ದೊಡ್ಡ ಜೌಗು ಪ್ರದೇಶಗಳಿದ್ದವು. ಅಲ್ಲಿ ಲೆಪಿಡೋಡೆಂಡ್ರಾನ್ 30 ಮೀಟರ್‌ಗೂ ಎತ್ತರ ಬೆಳೆಯುತ್ತಿತ್ತು. ಅದು ನಮಗೆ ಪರಿಚಯವಿರುವ ಮರಗಳ ಥರ ಅಲ್ಲ. ಕಾಂಡದ ಒಳಗೆ ಗಟ್ಟಿ ಮರ ಬಹಳ ಕಮ್ಮಿ, ಭಾರ ಹೊರುತ್ತಿದ್ದದ್ದು ದಪ್ಪ ತೊಗಟೆ. ಬದುಕಿನ ಬಹುಕಾಲ ಕಂಬದಂತೆ ನೆಟ್ಟಗೆ ಬೆಳೆದು, ಕೊನೆಕೊನೆಗೆ ತುದಿಯಲ್ಲಿ ಕವಲೊಡೆಯುತ್ತಿತ್ತು. ಎಲೆ ಉದುರಿದ ಗುರುತು ಕಾಂಡದ ಮೇಲೆ ವಜ್ರಾಕೃತಿಯ ಸಾಲುಗಳಾಗಿ ಉಳಿಯುತ್ತಿತ್ತು. ಆ ಜೌಗಿನಲ್ಲಿ ಬಿದ್ದ ಗಿಡಗಳು ಪೂರ್ತಿ ಕೊಳೆಯದೆ ಹೂತುಹೋಗಿ ಕಲ್ಲಿದ್ದಲಾದವು. ಯುರೋಪ್ ಮತ್ತು ಉತ್ತರ ಅಮೆರಿಕದ ಕಾರ್ಬೊನಿಫೆರಸ್ ಕಲ್ಲಿದ್ದಲಿನಲ್ಲಿ ಈ ತೊಗಟೆಯ ಪಾಲು ದೊಡ್ಡದು. ಹೂತುಹೋದ ಇಂಗಾಲ ಗಾಳಿಗೆ ವಾಪಸ್ ಬರಲಿಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯಿತು, ದಕ್ಷಿಣದ ಖಂಡಗಳ ಮೇಲೆ ಹಿಮದ ಹಾಸು ಬೆಳೆಯಿತು.

ಆಮೇಲೆ ಹವೆ ಒಣಗುತ್ತಾ ಬಂತು, ಜೌಗು ಕಮ್ಮಿಯಾಯಿತು, ಆ ದೈತ್ಯರು ಅಳಿದರು. ಅವುಗಳಿಗೆ ತೀರಾ ಹತ್ತಿರದ ನೆಂಟ ಇವತ್ತು ಯಾರು ಗೊತ್ತಾ? ಐಸೋಯಿಟಿಸ್. ಕೆರೆಯಂಚಿನಲ್ಲಿ, ನೀರು ನಿಲ್ಲುವ ಜಾಗದಲ್ಲಿ ಹುಲ್ಲಿನ ಬುಡದಂತೆ ಕಾಣುವ ಪುಟ್ಟ ಗಿಡ. 2016ರ ವರ್ಗೀಕರಣದ ಪ್ರಕಾರ ಲೈಕೊಫೈಟ್ ಜಾತಿಗಳು ಒಟ್ಟು ಸುಮಾರು 1,300. ಅದರಲ್ಲಿ ಅರ್ಧಕ್ಕೂ ಹೆಚ್ಚು ಸೆಲಜಿನೆಲ್ಲ. ಕೆಲವು ಸೆಲಜಿನೆಲ್ಲಗಳು ಪೂರ್ತಿ ಒಣಗಿ ಮುದುಡಿ, ತಿಂಗಳುಗಟ್ಟಲೆ ಸತ್ತಂತೆ ಬಿದ್ದಿದ್ದು, ನೀರು ಸೋಕಿದ ಕೆಲವು ಗಂಟೆಗಳಲ್ಲಿ ಮತ್ತೆ ಬಿಚ್ಚಿಕೊಳ್ಳುತ್ತವೆ.

ಸರಳವಾಗಿದ್ದರೆ ಹಳೆಯದೇ?

ಸೈಲೋಟಂ ಎಂಬ ಗಿಡವೊಂದಿದೆ. ಬೇರಿಲ್ಲ, ಎಲೆ ಅನ್ನಿಸಿಕೊಳ್ಳುವಂಥ ಎಲೆಯಿಲ್ಲ. ಹಸಿರು ಕಡ್ಡಿ ಎರಡಾಗಿ ಕವಲೊಡೆಯುತ್ತಾ ಹೋಗುತ್ತದೆ, ಅಲ್ಲಲ್ಲಿ ಹಳದಿ ಗುಂಡುಗಳಂಥ ಬೀಜಕದ ಚೀಲ. ರೈನಿಯ ಕಲ್ಲಿನೊಳಗಿನ ಗಿಡಗಳ ಪಕ್ಕದಲ್ಲಿ ಇಟ್ಟರೆ ಒಂದೇ ಮನೆಯವು ಅನ್ನಿಸುತ್ತದೆ. ಹಾಗಾಗಿ ಇದು ಆ ಕಾಲದಿಂದ ಉಳಿದುಬಂದ ವಂಶ ಎಂದು ಅನೇಕ ಸಸ್ಯಶಾಸ್ತ್ರಜ್ಞರು ನಂಬಿದ್ದರು. ಪಠ್ಯಪುಸ್ತಕಗಳಲ್ಲೂ ಹಾಗೇ ಇತ್ತು.

ಡಿಎನ್‌ಎ ಬೇರೆಯದೇ ಹೇಳಿತು. 2001ರಲ್ಲಿ ಕ್ಯಾಥ್ಲೀನ್ ಪ್ರಯರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಸೈಲೋಟಂ ಜರೀಗಿಡಗಳ ಗುಂಪಿನ ಒಳಗೇ ಬಂದು ಕೂತಿತು, ಆಫಿಯೋಗ್ಲಾಸಂ ಎಂಬ ಪುಟ್ಟ ಜರೀಗಿಡದ ಪಕ್ಕದಲ್ಲಿ. ಅದರ ಪೂರ್ವಜರಿಗೆ ಬೇರೂ ಇತ್ತು, ಎಲೆಯೂ ಇತ್ತು. ಇದು ಅವನ್ನು ಕಳೆದುಕೊಂಡಿತು. ಕಲ್ಲು ಸಂದಿಯಲ್ಲಿ, ಮರದ ಮೇಲೆ, ಶಿಲೀಂಧ್ರದ ಸಹಾಯದಿಂದ ಬದುಕುವ ಗಿಡಕ್ಕೆ ಅವಿಲ್ಲದೆಯೂ ನಡೆಯುತ್ತದೆ. ಈಕ್ವಿಸೀಟಂ ಕೂಡ ಅದೇ ಅಧ್ಯಯನದಲ್ಲಿ ಜರೀಗಿಡಗಳ ಜೊತೆ ಸೇರಿತು. ಗಂಟುಗಂಟಾದ ಪೊಳ್ಳು ಕಾಂಡ, ಮೈತುಂಬ ಸಿಲಿಕಾ, ನೋಡಿದರೆ ಜರೀಗಿಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಒಂದು ಗಿಡ ಸರಳವಾಗಿದೆ ಎಂಬ ಒಂದೇ ಕಾರಣಕ್ಕೆ ಅದು ಹಳೆಯದು ಅಂದುಬಿಡುವುದು ಎಷ್ಟು ಅಪಾಯ ಅನ್ನುವುದಕ್ಕೆ ಸೈಲೋಟಂಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹೂಗಿಡಗಳ ನೆರಳಿನಲ್ಲಿ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಜರೀಗಿಡಗಳ ವಂಶ ಖಂಡಿತ ಹಳೆಯದು. ಅದರ ಬೇರು ರೈನಿಯ ಗಿಡಗಳಿದ್ದ ಡೆವೋನಿಯನ್ ಯುಗಕ್ಕೇ ಹೋಗುತ್ತದೆ. ಆದರೆ ಇವತ್ತಿರುವ ಸುಮಾರು 10,500 ಜಾತಿಗಳಲ್ಲಿ ನೂರಕ್ಕೆ 80ರಷ್ಟು ಪಾಲಿಪಾಡ್ ಎಂಬ ಒಂದೇ ದೊಡ್ಡ ಕವಲಿಗೆ ಸೇರಿದವು. 2004ರಲ್ಲಿ ಹರಾಲ್ಡ್ ಶ್ನೈಡರ್ ಮತ್ತು ಸಂಗಡಿಗರು ಡಿಎನ್‌ಎ ಮತ್ತು ಪಳೆಯುಳಿಕೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ ಈ ಕವಲು ಜೋರಾಗಿ ಹರಡಿದ್ದು ಡೈನೋಸಾರ್‌ಗಳ ಕೊನೆಯ ಕಾಲವಾದ ಕ್ರಿಟೇಶಿಯಸ್ ಯುಗದಲ್ಲಿ, ಹೂಗಿಡಗಳು ಹರಡಿದ ನಂತರ ಎಂದು ಕಂಡಿತು. ಹೂಗಿಡಗಳು ಬಂದು ಜರೀಗಿಡಗಳನ್ನು ಮೂಲೆಗೆ ತಳ್ಳಿದವು ಎಂಬ ಹಳೆಯ ಕಥೆ ಅಲ್ಲಿಗೆ ಅರ್ಧ ಮಾತ್ರ ನಿಜವಾಯಿತು. ಹಳೆಯ ಗುಂಪುಗಳು ಹಿಂದೆ ಸರಿದದ್ದು ನಿಜ. ಹೊಸದೊಂದು ಗುಂಪು ಅದೇ ಕಾಡಿನ ಕೆಳಗೆ ಜಾಗ ಮಾಡಿಕೊಂಡದ್ದೂ ನಿಜ.

ಎತ್ತರದ ಹೂಮರಗಳ ಕಾಡು ಅಂದರೆ ಕೆಳಗೆ ನೆರಳು, ತೇವ, ಮತ್ತು ಹತ್ತಿ ಕೂರಲು ಸಾವಿರಾರು ಕೊಂಬೆ. ಕೊಂಬೆಗಳ ಮೇಲೆ ಬೆಳೆಯುವ ಜರೀಗಿಡಗಳು ಹೆಚ್ಚಾದದ್ದು ಇನ್ನೂ ಈಚೆಗೆ, ಡೈನೋಸಾರ್‌ಗಳು ಅಳಿದ ನಂತರ ಮಳೆಕಾಡುಗಳು ಬೆಳೆದ ಕಾಲದಲ್ಲಿ.

ನೆರಳಿನಲ್ಲಿ ಬದುಕಲು ಬೆಳಕನ್ನು ಚೆನ್ನಾಗಿ ಗುರುತಿಸಬೇಕು. ಎಷ್ಟೋ ಜರೀಗಿಡಗಳಲ್ಲಿ ನಿಯೋಕ್ರೋಮ್ ಎಂಬ ವಿಶೇಷ ಪ್ರೋಟೀನ್ ಇದೆ. ಅದು ಕೆಂಪು ಬೆಳಕು, ನೀಲಿ ಬೆಳಕು ಎರಡನ್ನೂ ಗ್ರಹಿಸುತ್ತದೆ. 2014ರಲ್ಲಿ ಫೇ-ವೈ ಲಿ ಮತ್ತು ಸಂಗಡಿಗರು ಅದರ ಜೀನ್ ಎಲ್ಲಿಂದ ಬಂತು ಎಂದು ಹುಡುಕಿದರು. ಜರೀಗಿಡದ ಪೂರ್ವಜರಲ್ಲಿ ಅದು ಸಿಗಲಿಲ್ಲ, ಹಾವಸೆಯ ನೆಂಟನಾದ ಹಾರ್ನ್‌ವರ್ಟ್‌ನಲ್ಲಿ ಸಿಕ್ಕಿತು. ತಾಯಿಯಿಂದ ಮಗುವಿಗೆ ಬರುವ ದಾರಿ ಬಿಟ್ಟು ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಜೀನ್ ಹಾರಿದೆ. ಇದೊಂದೇ ಜೀನ್‌ನಿಂದ ಜರೀಗಿಡಗಳು ಗೆದ್ದವು ಎಂದು ನಾನು ಹೇಳಲಾರೆ. ಕಾಡಿನ ರಚನೆಯ ಪಾಲು ದೊಡ್ಡದು. ಆದರೂ ಮಣ್ಣಿಗಂಟಿದ ಆ ಪುಟ್ಟ ಬಿಲ್ಲೆ ಹಾರ್ನ್‌ವರ್ಟ್‌ನ ಪಕ್ಕದಲ್ಲೇ, ಮೈ ತಾಗಿಸಿಕೊಂಡೇ ಬೆಳೆಯುತ್ತದೆ ಎಂಬುದನ್ನು ನೆನೆದರೆ ಜೀನ್ ದಾಟಿದ್ದು ಅಷ್ಟೇನೂ ಅಸಾಧ್ಯ ಅನ್ನಿಸುವುದಿಲ್ಲ, ಅಲ್ವಾ?

ನಾಶವಾದ ನೆಲಕ್ಕೆ ಮೊದಲು ಬರುವವೂ ಹಲವು ಸಲ ಜರೀಗಿಡಗಳೇ. 6.6 ಕೋಟಿ ವರ್ಷದ ಹಿಂದೆ ಕ್ಷುದ್ರಗ್ರಹ ಅಪ್ಪಳಿಸಿದ ಗುರುತಿರುವ ಪದರದ ಸ್ವಲ್ಪ ಮೇಲೆ, ಹಲವು ಕಡೆ ಕಲ್ಲಿನಲ್ಲಿ ಹೂಗಿಡದ ಪರಾಗ ದಿಢೀರನೆ ಕಮ್ಮಿಯಾಗಿ ಜರೀಗಿಡದ ಬೀಜಕವೇ ತುಂಬಿಕೊಳ್ಳುತ್ತದೆ. 1883ರಲ್ಲಿ ಕ್ರಕಟೋವ ಜ್ವಾಲಾಮುಖಿ ಸಿಡಿದು ದ್ವೀಪ ಬೋಳಾಯಿತು. 3 ವರ್ಷದ ನಂತರ ಸಸ್ಯಶಾಸ್ತ್ರಜ್ಞ ಮೆಲ್ಖಿಯರ್ ಟ್ರೂಬ್ ಹೋಗಿ ನೋಡಿದಾಗ ಅಲ್ಲಿ ಜರೀಗಿಡಗಳದ್ದೇ ಮೇಲುಗೈ. ಧೂಳಿನಷ್ಟು ಹಗುರವಾದ ಬೀಜಕ ಗಾಳಿಯಲ್ಲಿ ಸಮುದ್ರ ದಾಟುತ್ತದೆ. ಎಷ್ಟೋ ಜಾತಿಗಳಲ್ಲಿ ಒಂದೇ ಬಿಲ್ಲೆ ಅಂಡವನ್ನೂ ವೀರ್ಯಾಣುವನ್ನೂ ಕೊಡಬಲ್ಲದು. ಹಾಗಾಗಿ ಒಂದೇ ಒಂದು ಬೀಜಕದಿಂದ ಹೊಸ ನೆಲದಲ್ಲಿ ಒಂದು ವಂಶವೇ ಶುರುವಾಗಬಹುದು.

ತುಂಬಿ ತುಳುಕುವ ಡಿಎನ್‌ಎ

ಜರೀಗಿಡಗಳು ಡಿಎನ್‌ಎ ಕೂಡಿಡುವುದರಲ್ಲಿ ಎಲ್ಲರನ್ನೂ ಮೀರಿಸಿವೆ. ಮನುಷ್ಯನಿಗೆ 46 ವರ್ಣತಂತು. ಆಫಿಯೋಗ್ಲಾಸಂ ರೆಟಿಕ್ಯುಲೇಟಂ ಎಂಬ ಪುಟ್ಟ ಗಿಡದಲ್ಲಿ 1,200ಕ್ಕೂ ಹೆಚ್ಚು. 2024ರಲ್ಲಿ ನ್ಯೂ ಕ್ಯಾಲೆಡೋನಿಯಾದ ಟ್ಮೆಸಿಪ್ಟೆರಿಸ್ ಎಂಬ ಗಿಡದ ಜೀನೋಮ್, ಅಂದರೆ ಒಟ್ಟು ಡಿಎನ್‌ಎ, ಅಳೆದಾಗ ಸುಮಾರು 16,000 ಕೋಟಿ ಅಕ್ಷರ ಸಿಕ್ಕಿತು. ಮನುಷ್ಯನದ್ದರ 50 ಪಟ್ಟು ಜಾಸ್ತಿ. ಅಲ್ಲಿಯವರೆಗೆ ಅಳೆದ ಜೀವಿಗಳಲ್ಲೇ ಇದು ದೊಡ್ಡದು. ಇದು ಸೈಲೋಟಂನ ಹತ್ತಿರದ ನೆಂಟ ಕೂಡ. ಪೂರ್ತಿ ಜೀನೋಮ್ ಮತ್ತೆ ಮತ್ತೆ ದುಪ್ಪಟ್ಟಾಗಿರುವುದು, ಒಂದೇ ಥರದ ತುಂಡುಗಳು ಸಾವಿರಾರು ಸಲ ನಕಲಾಗಿರುವುದು ಇದರ ಹಿಂದಿವೆ.

ಇಷ್ಟು ದೊಡ್ಡ ಜೀನೋಮ್ ಓದುವುದು ಕಷ್ಟ. ಅದಕ್ಕೇ ಜರೀಗಿಡಗಳ ಪೂರ್ತಿ ಜೀನೋಮ್ ಸಿಗುವುದು ಬಹಳ ತಡವಾಯಿತು. 2018ರಲ್ಲಿ ಮೊದಲು ಬಂದದ್ದು ನೀರಿನ ಮೇಲೆ ತೇಲುವ ಎರಡು ಸಣ್ಣ ಜರೀಗಿಡಗಳದ್ದು, ಅಜೋಲ್ಲ ಮತ್ತು ಸಾಲ್ವೀನಿಯಾ. ಅಜೋಲ್ಲದ ಎಲೆಯೊಳಗಿನ ಪೊಳ್ಳಿನಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೈನೋಬ್ಯಾಕ್ಟೀರಿಯಾ ವಾಸಿಸುತ್ತದೆ. ಅದು ಬೀಜಕದ ಜೊತೆಗೇ ಮುಂದಿನ ಪೀಳಿಗೆಗೂ ಹೋಗುತ್ತದೆ. ಚೀನಾ ಮತ್ತು ವಿಯೆಟ್ನಾಂ ರೈತರು ಭತ್ತದ ಗದ್ದೆಗೆ ಗೊಬ್ಬರವಾಗಿ ಅಜೋಲ್ಲವನ್ನು ಶತಮಾನಗಳಿಂದ ಬಳಸುತ್ತಿರುವುದಕ್ಕೆ ಇದೇ ಕಾರಣ.

2018ರ ಆ ಜೀನೋಮ್ ಅಧ್ಯಯನದಲ್ಲಿ ಇನ್ನೊಂದು ಹಳೆಯ ಪ್ರಶ್ನೆಗೂ ಉತ್ತರದ ಎಳೆ ಸಿಕ್ಕಿತು. ಜರೀಗಿಡಗಳನ್ನು ಕೀಟಗಳು ಹೂಗಿಡಗಳಷ್ಟು ತಿನ್ನುವುದಿಲ್ಲ ಎಂದು ಸಸ್ಯಶಾಸ್ತ್ರಜ್ಞರು ಹಿಂದಿನಿಂದಲೂ ಗಮನಿಸಿದ್ದರು. 2016ರಲ್ಲಿ ಲಕ್ನೋದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಟೆಕ್ಟೇರಿಯಾ ಎಂಬ ಜರೀಗಿಡದಲ್ಲಿ ಬಿಳಿನೊಣವನ್ನು ಕೊಲ್ಲುವ ಒಂದು ಪ್ರೋಟೀನ್ ಗುರುತಿಸಿ, ಅದರ ಜೀನನ್ನು ಹತ್ತಿ ಗಿಡಕ್ಕೆ ಸೇರಿಸಿ ನೋಡಿದ್ದರು. ಆ ಹತ್ತಿ ಬಿಳಿನೊಣವನ್ನು ತಡೆದುಕೊಂಡಿತು. ಸಾಲ್ವೀನಿಯಾದ ಜೀನೋಮ್‌ನಲ್ಲೂ ಅದರ ನೆಂಟ ಜೀನ್ ಇತ್ತು. ಮಿಕ್ಕ ಗಿಡಗಳ ಜೀನ್‌ಗಳ ಜೊತೆ ಹೋಲಿಸಿದಾಗ ಅದು ಯಾವುದಕ್ಕೂ ಹೊಂದಲಿಲ್ಲ. ಹೊಂದಿದ್ದು ಬ್ಯಾಕ್ಟೀರಿಯಾದ ಜೀನ್‌ಗಳ ಜೊತೆ.